ತೋಟದಿಂದ ಆಫೀಸಿಗೆ ಫೈಲ್ ಕಳಿಸಲು ಫೈರ್‌ವಾಲ್‌ನಲ್ಲಿ ಏನು ಬಿಡಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಗೋಣಿಕೊಪ್ಪ: ಆಫೀಸಿನಲ್ಲಿ ಒಂದು ಉಬುಂಟು ಸರ್ವರ್ ಇದೆ. ಪಾಲಿಬೆಟ್ಟ, ಸುಂಟಿಕೊಪ್ಪದ ತೋಟಗಳಿಂದ ದಿನಾ ಸಂಜೆ ಕೂಲಿ ಪಟ್ಟಿ, ಕಾಫಿ ಕುಯ್ಲಿನ ಲೆಕ್ಕ ಅಪ್‌ಲೋಡ್ ಆಗಬೇಕು. ಎಫ್‌ಟಿಪಿಎಸ್ (ಎನ್‌ಕ್ರಿಪ್ಟ್ ಮಾಡಿ, ಅಂದರೆ ಗುಟ್ಟಾಗಿ, ಫೈಲ್ ಕಳಿಸುವ ವಿಧಾನ) ಹಾಕಿ ಪೋರ್ಟ್ 21 (ಸರ್ವರಿನ ಒಂದು ಬಾಗಿಲು) ಬಿಟ್ಟಿದ್ದೇನೆ. ಲಾಗಿನ್ ಆಗುತ್ತದೆ, ಫೋಲ್ಡರ್ ಪಟ್ಟಿ ಬರೋ ಹೊತ್ತಿಗೆ ನಿಂತುಬಿಡುತ್ತದೆ. ಏನು ಮಾಡಲಿ?

ಕುಶಾಲನಗರದಿಂದ: ಪಟ್ಟಿಯಲ್ಲಿ ನಿಂತರೆ ಮೊದಲು ಡೇಟಾ ಪೋರ್ಟ್ ನೋಡಿ ಸರ್. 21ರಲ್ಲಿ ಬರೀ ಮಾತುಕತೆ. ಪಟ್ಟಿ, ಫೈಲ್ ಎಲ್ಲ ಹೋಗೋದು ಬೇರೆ ಪೋರ್ಟಿನಲ್ಲಿ. ಪ್ಯಾಸಿವ್ ಮೋಡ್‌ನಲ್ಲಿ ಅದು ಯಾವುದು ಅಂತ ಸರ್ವರ್ ಹೇಳುತ್ತದೆ. ಸಾದಾ ಎಫ್‌ಟಿಪಿ ಆದರೆ ಫೈರ್‌ವಾಲ್ ಆ ಮಾತು ಓದಿ ತಾನೇ ಬಾಗಿಲು ತೆಗೆಯಬಲ್ಲದು. ಎಫ್‌ಟಿಪಿಎಸ್‌ನಲ್ಲಿ ಅದೂ ಎನ್‌ಕ್ರಿಪ್ಟ್ ಆಗಿರುತ್ತದೆ, ಓದೋಕಾಗಲ್ಲ. ಸರ್ವರಿನಲ್ಲಿ ಪ್ಯಾಸಿವ್ ಪೋರ್ಟ್ 50000ರಿಂದ 50050 ಅಂತ ಗೊತ್ತುಮಾಡಿ, ಅಷ್ಟನ್ನೇ ಫೈರ್‌ವಾಲ್, ರೂಟರ್ ಎರಡರಲ್ಲೂ ಬಿಡಿ. ಸರ್ವರ್ 192.168ರ ಒಳಗಿನ ವಿಳಾಸ ಕೊಡ್ತಿದೆಯಾ ಅಂತಲೂ ನೋಡಿ. ಹೊರಗಿನ ಐಪಿ (ಇಂಟರ್ನೆಟ್ ವಿಳಾಸ) ಕೊಡಬೇಕು.

ಮಡಿಕೇರಿಯಿಂದ: ಇಷ್ಟು ರಾಮಾಯಣ ಯಾಕೆ? ಎಸ್‌ಎಫ್‌ಟಿಪಿಗೆ ಹೋಗಿ. ಅದೂ ಫೈಲ್ ಕಳಿಸುವುದೇ, ಆದರೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೇಲೆ ಓಡುತ್ತದೆ, ಟಿಸಿಪಿ 22 ಒಂದೇ ಸಾಕು.

ಆದರೆ ತಲೆನೋವು ಪೋರ್ಟಿನದಲ್ಲ, ಯಾರನ್ನು ಒಳಗೆ ಬಿಡೋದು ಅನ್ನೋದು. ‘ತೋಟದ ಐಪಿಗೆ ಮಾತ್ರ ಅನುಮತಿ’ ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನಲ್ಲಿ ಸರಿ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ರೈಟರ್ (ತೋಟದ ಲೆಕ್ಕ ಬರೆಯುವವರು) ಮೊಬೈಲ್ ಹಾಟ್‌ಸ್ಪಾಟ್ ಹಾಕುತ್ತಾರೆ. ಐಪಿ ಬದಲಾಯ್ತು, ನಿಮ್ಮ ರೂಲ್ ನಿಮ್ಮವರನ್ನೇ ತಡೆಯುತ್ತದೆ. ಆ ಮೊಬೈಲ್ ಐಪಿಗೇ ಅನುಮತಿ ಕೊಡೋಣ ಅಂದರೆ ಅದನ್ನು ಊರವರೆಲ್ಲ ಹಂಚಿಕೊಂಡಿರುತ್ತಾರೆ, ಅಲ್ವಾ?

ನಾನು ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿದ್ದೇನೆ, ತೋಟದಿಂದ ಆಫೀಸಿಗೆ ಎನ್‌ಕ್ರಿಪ್ಟ್ ಆದ ಖಾಸಗಿ ಟನಲ್ ಇದ್ದ ಹಾಗೆ. ಹೊರಗಿನಿಂದ ಯುಡಿಪಿ 51820 ಮಾತ್ರ, 22 ಆ ಟನಲ್ ಒಳಗಿನಿಂದ ಮಾತ್ರ. ತೋಟದ ಐಪಿ ಬದಲಾದರೂ ಟನಲ್ ಮುಂದುವರಿಯುತ್ತದೆ. ಕೀ (ಗುಟ್ಟಿನ ಸಂಕೇತ) ಇಲ್ಲದವರಿಗೆ ಅದು ಉತ್ತರವನ್ನೇ ಕೊಡಲ್ಲ, ಪೋರ್ಟ್ ಹುಡುಕುವವರಿಗೆ ಕಾಣೋದೂ ಇಲ್ಲ. ಒಂದು ಮಾತು, ಆಫೀಸಿನ ರೂಟರಿನಲ್ಲಿ ವ್ಯಾನ್ ಐಪಿ (ರೂಟರಿನ ಹೊರಗಿನ ವಿಳಾಸ) 100.64ರಿಂದ 100.127ರ ಒಳಗಿದ್ದರೆ ನೀವೂ ಹಂಚಿಕೆ ಐಪಿಯಲ್ಲೇ ಇದ್ದೀರಿ. ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ರೂಟರ್ ಸರ್ವರಿಗೆ ದಾಟಿಸೋದು) ಕೆಲಸ ಮಾಡಲ್ಲ. ಇಂಟರ್ನೆಟ್ ಕಂಪನಿಯವರಿಂದ ಸ್ಟ್ಯಾಟಿಕ್ ಐಪಿ (ಬದಲಾಗದ, ನಿಮಗೇ ಸೇರಿದ ವಿಳಾಸ) ಕೇಳಿ ತೊಗೊಳ್ಳಿ.

ವಿರಾಜಪೇಟೆಯಿಂದ: ವೈರ್‌ಗಾರ್ಡ್ ಬೇಡ ಅಂದರೂ ಪಾಸ್‌ವರ್ಡ್ ಲಾಗಿನ್ ತೆಗೆದು ಕೀ ಮಾತ್ರ ಇಡಿ. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯುನಲ್ಲಿ 22ಕ್ಕೆ ಅಲೋ ಬದಲು ಲಿಮಿಟ್ ಹಾಕಬಹುದು. 30 ಸೆಕೆಂಡಿನಲ್ಲಿ 6 ಸಲ ಕನೆಕ್ಟ್ ಆದವರನ್ನು ತಡೆಯುತ್ತದೆ. ಹುಷಾರು, ಒಂದೊಂದು ಫೈಲಿಗೂ ಹೊಸದಾಗಿ ಲಾಗಿನ್ ಆಗುವ ಸ್ಕ್ರಿಪ್ಟ್ ಇದ್ದರೆ ನಿಮ್ಮವರೇ ಸಿಕ್ಕಿಬೀಳುತ್ತಾರೆ. ಮನೆಯಿಂದ ರೂಲ್ ಬದಲಿಸುವಾಗ 10 ನಿಮಿಷಕ್ಕೆ ಫೈರ್‌ವಾಲ್ ತಾನೇ ಆಫ್ ಆಗುವಂತೆ ಮೊದಲೇ ಟೈಮರ್ ಇಡಿ. ಇನ್ನೊಂದು ಕಿಟಕಿಯಲ್ಲಿ ಹೊಸದಾಗಿ ಲಾಗಿನ್ ಆದರೆ ಮಾತ್ರ ಟೈಮರ್ ತೆಗೆಯಿರಿ. ಇಲ್ಲವಾದರೆ ಮಳೆಯಲ್ಲಿ ಆಫೀಸಿನವರೆಗೆ ಹೋಗಬೇಕು.

ಕೇಳಿದವರು: ಎಸ್‌ಎಫ್‌ಟಿಪಿಗೇ ಬರುತ್ತೇನೆ. 22ರ ಬದಲು 2222 ಇಟ್ಟರೆ ಜಾಸ್ತಿ ಸೇಫಾ?

ಮಡಿಕೇರಿಯಿಂದ: ಲಾಗ್‌ನಲ್ಲಿ ಗಲಾಟೆ ಕಡಿಮೆ ಆಗುತ್ತದೆ, ಅಷ್ಟೇ. ಅದರ ಬದಲು ತೋಟದ ಯೂಸರ್‌ಗಳನ್ನು ಅವರವರ ಫೋಲ್ಡರಿಗೇ ಕಟ್ಟಿಹಾಕಿ, ಶೆಲ್ (ಸರ್ವರಿನಲ್ಲಿ ಕಮಾಂಡ್ ಓಡಿಸುವ ಅವಕಾಶ) ಕೊಡಬೇಡಿ. ಹಾಗೆ ಕಟ್ಟಿಹಾಕಿದ ಫೋಲ್ಡರ್ ರೂಟ್ (ಸರ್ವರಿನ ಮುಖ್ಯ ಯೂಸರ್) ಹೆಸರಿನಲ್ಲೇ ಇರಬೇಕು, ಇಲ್ಲದಿದ್ದರೆ ಲಾಗಿನ್ನೇ ಆಗಲ್ಲ. ಅಪ್‌ಲೋಡ್‌ಗೆ ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಿಕೊಡಿ.