ಮಳೆಗಾಲದಲ್ಲಿ ಕಾಗದದ ಬಣ್ಣದ ಕಿಟಕಿ: ಅಂಟು ಒಣಗಲ್ಲ, ಏನು ಮಾಡೋದು?

ತೋಟದಮನೆ_ಮಡಿಕೇರಿ
ನಮಸ್ಕಾರ. ಕೈಲ್‌ಮುಹೂರ್ತಕ್ಕೆ, ಅಂದರೆ ಸೆಪ್ಟೆಂಬರ್‌ನಲ್ಲಿ ಬರುವ ಕೊಡಗಿನ ಆಯುಧಪೂಜೆ ಹಬ್ಬಕ್ಕೆ, ನಮ್ಮ ಐನ್‌ಮನೆಯಲ್ಲಿ (ಹಿರಿಯರ ಮೂಲ ಮನೆ) ಮೂರು ತಲೆಮಾರು ಸೇರುತ್ತೆ. ಹೋದ ವರ್ಷ ಊಟ ಮುಗಿದದ್ದೇ ಮಕ್ಕಳೆಲ್ಲ ಮೊಬೈಲ್ ಹಿಡಿದು ಮೂಲೆ ಸೇರಿದ್ದು ನೋಡಿ, ಕಾಗದದಲ್ಲಿ ಬಣ್ಣದ ಗಾಜಿನ ಕಿಟಕಿ ಮಾಡಿಸೋಣ ಅಂತ ಹೊರಟೆ. ಕಪ್ಪು ಚಾರ್ಟ್ ಶೀಟ್‌ನಲ್ಲಿ ಚಿತ್ರ ಕೊರೆಯೋದು, ಹಿಂದಿನಿಂದ ಗಾಳಿಪಟದ ಕಾಗದ ಅಂಟಿಸೋದು, ಕಿಟಕಿಗೆ ತೂಗುಹಾಕೋದು. ಹೇಳೋಕೆ ಇಷ್ಟೇ.

ಬಿಳಿ ಅಂಟಿನ ನೀರು ಕುಡಿದು ಕೆಂಪು ಕಾಗದ ಬಣ್ಣ ಬಿಟ್ಟಿತು. ನಾದಿನಿ ಮಗಳ ಕೈ ಮದರಂಗಿ ಹಚ್ಚಿದ ಹಾಗೆ! ರಾತ್ರಿಯಿಡೀ ಬಿಟ್ಟರೂ ಅಂಟು ಒಣಗಲಿಲ್ಲ, ಬೆಳಿಗ್ಗೆ ನೋಡಿದರೆ ಎಲ್ಲವೂ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುರುಟಿಕೊಂಡಿತ್ತು. ಸಾಲದ್ದಕ್ಕೆ ಹುಡುಗರು ಹೂವು ಬರೆದು ಕಟ್ಟರ್ ಆಡಿಸಿದಾಗ ನಡುವಿನ ದುಂಡು ಕಳಚಿ ನೆಲಕ್ಕೆ ಬಿತ್ತು. ಹೂವಿಗೆ ಹೊಟ್ಟೆಯೇ ಇಲ್ಲ.

ಈ ಸಲ 14 ಜನ, 5 ವರ್ಷದವಳಿಂದ 78ರ ನಮ್ಮ ಅತ್ತೆಯವರೆಗೆ. ಸಿಗೋದು ಎರಡು ಗಂಟೆ. ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಡ್ರಾಯಿಂಗ್_ಮೇಷ್ಟ್ರು_ವಿರಾಜಪೇಟೆ
ಬಿದ್ದ ಹೊಟ್ಟೆಯಿಂದಲೇ ಶುರು ಮಾಡಿ ತಂಗಿ. ಆದರೆ ಹಬ್ಬಕ್ಕೆ ಮುಂಚೆ ಮಕ್ಕಳನ್ನು ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಂಗೆ ಒಮ್ಮೆ ಕರೆದುಕೊಂಡು ಹೋಗಿ. ಅದು 1855ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು. ಜನ ವಿಗ್ರಹ ನೋಡಿ ಹೊರಗೆ ಬಂದುಬಿಡ್ತಾರೆ, ಕಿಟಕಿಯ ಬಣ್ಣದ ಗಾಜಿನ ಕಡೆ ತಲೆ ಎತ್ತಲ್ಲ.

ಅಂಥ ಕಿಟಕಿಯ ಕಪ್ಪು ಗೆರೆ ಅಂದಕ್ಕೆ ಎಳೆದದ್ದಲ್ಲ, ಸೀಸದ ಪಟ್ಟಿ. ಎರಡೂ ಬದಿಗೆ ತೋಡು ಇರುತ್ತೆ, ಅದರೊಳಗೆ ಗಾಜಿನ ಚೂರು ಕೂರುತ್ತೆ. ಹಾಗಾಗಿ ಹೊರಟ ಗೆರೆ ಇನ್ನೊಂದು ಗೆರೆಗೋ ಚೌಕಟ್ಟಿಗೋ ಹೋಗಿ ಸೇರಲೇಬೇಕು. ನಾನು ಶಾಲೆಯಲ್ಲಿ ‘ಒಂದು ಇರುವೆ ಗೆರೆ ಬಿಟ್ಟು ಇಳಿಯದೆ ಇಡೀ ಚಿತ್ರ ಸುತ್ತಿ ಬರಬೇಕು’ ಅನ್ನುತ್ತಿದ್ದೆ. ಮೊದಲು ಸೀಮೆಸುಣ್ಣದಲ್ಲಿ ಬರೆಸಿ, ಗೆರೆ ಕಿರುಬೆರಳಿನ ಅಗಲ ಇರಲಿ. ಕಟ್ಟರ್ ದೊಡ್ಡವರ ಕೈಗೆ ಮಾತ್ರ. ಚಿಕ್ಕವರು ಹಾಳೆ ಮಡಿಚಿ ಕತ್ತರಿಯಲ್ಲಿ ಕತ್ತರಿಸಲಿ.

ಸೋಮವಾರಪೇಟೆ_ಹುಡುಗಿ
ಅಕ್ಕ, ಬಿಳಿ ಅಂಟು ಬಿಟ್ಟುಬಿಡಿ. ಗ್ಲೂ ಸ್ಟಿಕ್ ತಗೊಳ್ಳಿ, ಇಲ್ಲಾ ಡಬಲ್ ಟೇಪ್. ಹಚ್ಚೋದು ಕಪ್ಪು ಹಾಳೆಗೆ, ಬಣ್ಣದ ಕಾಗದಕ್ಕಲ್ಲ. ಬಣ್ಣದ ಚೂರು ಕಿಂಡಿಗಿಂತ ಸುತ್ತಲೂ ಕಾಲಿಂಚು ದೊಡ್ಡದಿರಲಿ.

ನಾನು ಹಾಳೆಗಳನ್ನೆಲ್ಲ ಹಿಂದಿನ ದಿನವೇ ಬಚ್ಚಲೊಲೆ ಮೇಲಿನ ಅಟ್ಟಕ್ಕೆ ಹಾಕ್ತೀನಿ. ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಕವರಿಗೆ ತುಂಬಿ ಬಾಯಿ ಕಟ್ಟಿಬಿಡೋದು. ಮಾಡಿ ಮುಗಿದ ಮೇಲೆ ನ್ಯೂಸ್‌ಪೇಪರ್ ನಡುವೆ ಇಟ್ಟು ಮೇಲೊಂದು ಅಕ್ಕಿ ಚೀಲ. ಜಿಲೇಟಿನ್ ಪೇಪರ್ ಬಣ್ಣ ಬಿಡಲ್ಲ, ಆದರೆ ಕತ್ತರಿಗೆ ಸಿಗದೆ ಜಾರುತ್ತೆ, 5 ವರ್ಷದವಳಿಗೆ ಬೇಡ. ಹಳದಿ ಮೇಲೆ ನೀಲಿ ಇಟ್ಟು ಬೆಳಕಿಗೆ ಹಿಡಿಸಿ ನೋಡಿ. ಹಸಿರು ಬಂದಾಗ ದೊಡ್ಡವರೇ ಬಾಯಿ ಬಿಡ್ತಾರೆ.

ಭಾಗಮಂಡಲ_ಮಳೆ
ಅದೆಲ್ಲ ಸರಿ, ಸೆಪ್ಟೆಂಬರ್ ಮೊದಲ ವಾರ ಬೆಳಕು ಎಲ್ಲಿಂದ ತರ್ತೀರಿ? ಬಿಸಿಲಿಗೆ ಕಾದರೆ ನಿಮ್ಮ ಕಿಟಕಿ ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಹುತ್ತರಿಗೇ ತೂಗೋದು.

ತೋಟದಮನೆ_ಮಡಿಕೇರಿ
😄 ಅದೂ ನಿಜ. ಇಲ್ಲಿ ಮಧ್ಯಾಹ್ನ ಮೂರಕ್ಕೇ ಲೈಟ್ ಹಾಕ್ತೀವಿ.

ಮೇಷ್ಟ್ರೇ, ನಿನ್ನೆ ರಾತ್ರಿ ನಿಮ್ಮ ಇರುವೆ ಮಾತು ಅತ್ತೆಗೆ ಓದಿ ಹೇಳಿದೆ. ಅವರು ಗೆರೆಗಿರೆ ಏನೂ ಹಾಕಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಚಿ, ಬಟ್ಟೆ ಕತ್ತರಿಯಲ್ಲಿ ನಾಲ್ಕೈದು ಸಲ ಕತ್ತರಿಸಿ ಬಿಡಿಸಿದರು. ನಾಲ್ಕೆಸಳಿನ ಹೂವು, ಹೊಟ್ಟೆ ಸಮೇತ! ಅಷ್ಟರಲ್ಲಿ ಕರೆಂಟ್ ಹೋಯಿತು. ಗ್ಲೂ ಸ್ಟಿಕ್‌ನಲ್ಲಿ ಬಣ್ಣ ಅಂಟಿಸಿ ಹಿಂದೆ ಚಾರ್ಜರ್ ಲೈಟ್ ಇಟ್ಟೆವು. ಕೆಂಪು ಒಂದು ಕಡೆ ಸುಕ್ಕಾಗಿದೆ. ಬದಲಾಯಿಸೋಣ ಅಂದರೆ ಅತ್ತೆ ಮುಟ್ಟೋಕೇ ಬಿಡ್ತಿಲ್ಲ.