ಎರಡನೇ ಪಂಕ್ತಿಯ ಇಲಿಗಳು

ಮಂಡ್ಯದ ಕಡೆ ಬೀಗರ ಊಟಕ್ಕೆ ಬರುವವರಲ್ಲಿ ಎರಡು ಜಾತಿ. ಮೊದಲ ಪಂಕ್ತಿಗೆ ನುಗ್ಗುವವರು, ನುಗ್ಗಲಾಗದೆ "ನಮಗೇನ್ ಅವಸರ" ಅನ್ನುವವರು. ನಾವು ಐದು ಜನ ಎರಡನೆಯವರು. ಉಣ್ಣುತ್ತಿದ್ದವರ ಕುರ್ಚಿ ಹಿಂದೆ ಕೈಕಟ್ಟಿ ನಿಂತಿದ್ದೆವು. ಮುದ್ದೆ, ಬೋಟಿ ಗೊಜ್ಜು, ಕಾಲು ಸೂಪು. ವಾಸನೆ ನಮಗೆ, ಪದಾರ್ಥ ಅವರಿಗೆ.

"ಜಾಗ ಇರ್ಲಿ ಅಂತ ಬೆಳಗ್ಗೆಯಿಂದ ಏನೂ ತಿಂದಿಲ್ಲ ಕಣ್ರೋ. ಸತ್ತೋಯ್ತೀನಿ," ಅಂದ ಪುಟ್ಟಸ್ವಾಮಿ.

"ಸಾಯಲ್ಲ, ಜಾಸ್ತಿ ಬದುಕ್ತೀಯ," ಅಂದರು ಮೇಷ್ಟ್ರು. ಮೇಷ್ಟ್ರು ನಿವೃತ್ತರಾಗಿದ್ದಾರೆ, ಪಾಠ ಆಗಿಲ್ಲ. "1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಮೆಕೇ ಅನ್ನೋರು ಬಿಳಿ ಇಲಿಗಳಿಗೆ ಊಟ ಕಮ್ಮಿ ಮಾಡಿ ನೋಡಿದ್ರು. ಗಂಡಿಲಿಗಳಂತೂ ಹೊಟ್ಟೆ ತುಂಬ ತಿಂದವುಗಳಿಗಿಂತ ಎಷ್ಟೋ ಕಾಲ ಹೆಚ್ಚಿಗೆ ಬದುಕಿದ್ವು."

ಗೌಡ್ರಿಗೆ ನಂಬಿಕೆ ಬರಲಿಲ್ಲ. "ನಮ್ ಗದ್ದೆ ಇಲಿಗಳು ಭತ್ತ ಎಲ್ಲ ತಿಂದ್ಕೊಂಡು ಚೆನ್ನಾಗೇ ಅವೆ."

"ಗದ್ದೆ ಇಲಿನ ಹಾವು ವಿಚಾರಿಸ್ಕೊಳ್ತದೆ ಗೌಡ್ರೇ. ಪ್ರಯೋಗಶಾಲೆ ಚಿಟ್ಟಿಲಿಗೆ ಹಾವಿಲ್ಲ, ಬೆಕ್ಕಿಲ್ಲ. ಎರಡೂವರೆ ವರ್ಷ ಗೂಡಲ್ಲಿ ಕೂತು ಕೊನೆಗೆ ಬಹಳಷ್ಟು ಕ್ಯಾನ್ಸರಲ್ಲೇ ಹೋಯ್ತವೆ. ಊಟ ಕಮ್ಮಿ ಮಾಡಿದ್ರೆ ಆ ಗಡ್ಡೆ ಬರೋದೂ ಕಮ್ಮಿ, ಬಂದ್ರೂ ತಡ. 1909ರಲ್ಲೇ ಮೊರೆಸ್ಕಿ ಅನ್ನೋರು ಇಲಿಗೆ ಗಡ್ಡೆ ಕಸಿ ಮಾಡಿ ನೋಡಿದ್ರು. ಅರೆಹೊಟ್ಟೆ ಇಲೀಲಿ ಅದು ಸರಿಯಾಗಿ ಬೆಳೀಲಿಲ್ಲ."

"ಎಳೇದ್ರಿಂದ ಉಪವಾಸ ಕೆಡವಬೇಕಾ? ನಮಗೆ ವಯಸ್ಸಾಗೋಯ್ತಲ್ಲ," ಅಂದೆ ನಾನು. ಐವತ್ತೆಂಟು ಅಂತ ಹೇಳಲಿಲ್ಲ.

"ಅದಕ್ಕೂ ಉತ್ತರ ಅದೆ. 1982ರಲ್ಲಿ ವೈಂಡ್ರುಕ್, ವಾಲ್ಫರ್ಡ್ ಅಂತ ಇಬ್ರು ಒಂದು ವರ್ಷದ ಇಲಿಗಳಿಗೆ, ಅಂದ್ರೆ ನಡುವಯಸ್ಸಿನವಕ್ಕೆ, ಊಟ ಇಳಿಸಿದ್ರು. ಆಯಸ್ಸು ಶೇ 10ರಿಂದ 20 ಜಾಸ್ತಿ ಆಯ್ತು. ಆದ್ರೆ ವಿಟಮಿನ್ನು, ಪ್ರೋಟೀನು ಯಾವುದೂ ಕೊರತೆ ಆಗದಂಗೆ ನೋಡ್ಕೊಂಡ್ರು. ಬರೀ ಹಸಿವಲ್ಲ ಅದು."

"ಹಂಗಾದ್ರೆ ಒಳಗೆ ಆಗೋದೇನು?"

ಮೇಷ್ಟ್ರ ಕಣ್ಣು ಬೆಳಗಿತು. "ಊಟ ಜಾಸ್ತಿಯಾದಾಗ ಇನ್ಸುಲಿನ್ನು, ಬೆಳವಣಿಗೆ ಹಾರ್ಮೋನುಗಳು ಜೀವಕೋಶಕ್ಕೆ 'ಬೆಳಿ, ಒಡಿ, ಎರಡಾಗು' ಅಂತವೆ. ಒಡೆಯುವಾಗೆಲ್ಲ ನಕಲಲ್ಲಿ ತಪ್ಪಾಗೋ ಸಂಭವ. ಊಟ ಕಮ್ಮಿಯಾದ್ರೆ ಜೀವಕೋಶಗಳು ಬೆಳವಣಿಗೆ ನಿಲ್ಲಿಸಿ ಹಳೇ ಸಾಮಾನು ಒಡೆದು ರಿಪೇರಿ ಶುರು ಮಾಡ್ತವೆ. ಕೆಆರ್‌ಎಸ್ ನಾಲೆಗೆ ನೀರು ಬಿಟ್ರೆ ನಾಟಿಗೆ ಓಡ್ತೀವಿ, ನಿಲ್ಸಿದ್ರೆ ಬದು ಕಟ್ತೀವಲ್ಲ, ಹಂಗೆ."

"ನಿಲ್ಸಿದ್ರೆ ಯಾರೂ ಬದು ಕಟ್ಟಲ್ಲ ಮೇಷ್ಟ್ರೇ," ಅಂದರು ಗೌಡ್ರು, "ಹೈವೇಲಿ ಕೂತ್ಕೊಳ್ತೀವಿ."

ಮೊದಲ ಪಂಕ್ತಿಗೆ ಇನ್ನೂ ಅನ್ನವೇ ಬಂದಿರಲಿಲ್ಲ. ನನ್ನ ಮುಂದಿದ್ದವನು ಮೂಳೆಯ ಜೊತೆ ಸಂಧಾನ ನಡೆಸಿದ್ದ.

"ಒಂದು ಡೌಟು," ಅಂದ ಪುಟ್ಟಸ್ವಾಮಿ. "ಆ ಹೊಟ್ಟೆತುಂಬ ತಿನ್ನೋ ಇಲಿಗಳಿಗೆ ಏನಂತಾರೆ?"

"ಕಂಟ್ರೋಲ್ ಗುಂಪು."

"ಕಂಟ್ರೋಲೇ ಇಲ್ದೆ ತಿನ್ನೋವಕ್ಕೆ ಕಂಟ್ರೋಲಾ! ಕೆಲಸ ಇಲ್ಲ, ಓಡಾಟ ಇಲ್ಲ, ಕೂತಲ್ಲೇ ಮೇವು. ಅವು ಬೇಗ ಸತ್ರೆ ಅದರಲ್ಲೇನು ವಿಶೇಷ? ನಿಮ್ಮ ಉಪವಾಸದ ಇಲಿ ಅಷ್ಟೇನೂ ಗಟ್ಟಿ ಅಲ್ಲ, ಪಕ್ಕದ್ದು ಕೊಬ್ಬಿದ್ದು, ಅಷ್ಟೇಯ."

ಮೇಷ್ಟ್ರು ಒಂದು ಗಳಿಗೆ ಸುಮ್ಮನಾದರು. ಇದೇ ತಕರಾರನ್ನು ವಿಜ್ಞಾನಿಗಳೂ ಎತ್ತಿದ್ದಾರಂತೆ. ಪುಟ್ಟಸ್ವಾಮಿ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಕೂತವನು.

"2022ರದ್ದು ಕೇಳು," ಅಂತ ಮೇಷ್ಟ್ರು ಬೇರೆ ದಾರಿ ಹಿಡಿದರು. "ಶೇ 30 ಊಟ ಕಮ್ಮಿ ಮಾಡಿದ್ರೆ ಇಲಿ ಆಯಸ್ಸು ಶೇ 10 ಜಾಸ್ತಿ. ಅದೇ ಊಟನ ರಾತ್ರಿ ಹೊತ್ತು ಕೊಟ್ರೆ ಶೇ 35 ಜಾಸ್ತಿ."

"ನಾನೂ ರಾತ್ರಿ ಹನ್ನೊಂದಕ್ಕೇ ಉಣ್ಣೋದು!"

"ಇಲಿಗೆ ರಾತ್ರೀನೇ ಹಗಲು ಕಣಯ್ಯ. ನೀನು ಹಗಲು ಓಡಾಡೋ ಪ್ರಾಣಿ."

"ಇವನು ಹಗಲೂ ಓಡಾಡಲ್ಲ," ಅಂದರು ಗೌಡ್ರು.

ಅಷ್ಟು ಹೊತ್ತೂ ಮಾತಾಡದಿದ್ದ ಚಿಕ್ಕಣ್ಣ ಮೆಲ್ಲಗೆ ಕೇಳಿದ: "ನಮ್ ಭಾವಂಗೆ ಕ್ಯಾನ್ಸರ್ ಟ್ರೀಟ್ಮೆಂಟು ನಡೀತಾ ಅದೆ. ವಾಟ್ಸಾಪಲ್ಲಿ ಇಂಥದ್ದೇ ಏನೋ ನೋಡಿ ಊಟಾನೇ ಬಿಟ್ಟವ್ರೆ. ಒಳ್ಳೇದಾ?"

ಮೇಷ್ಟ್ರ ದನಿ ಬದಲಾಯಿತು. "ಬಿಡಬೇಡಿ ಅನ್ನು. ಬರದಂಗೆ ತಡೆಯೋದು ಬೇರೆ, ಬಂದ ಮೇಲೆ ಹಸಿಯೋದು ಬೇರೆ. ಇಲಿಗಳಲ್ಲೇ ಕೆಲವು ಜಾತಿ ಗಡ್ಡೆಗಳು ಊಟ ಕಮ್ಮಿ ಮಾಡಿದ್ರೆ ಕ್ಯಾರೇ ಅನ್ನಲ್ಲ. ಟ್ರೀಟ್ಮೆಂಟಲ್ಲಿ ಇರೋರ ತೂಕ ಇಳೀದಂಗೆ ನೋಡ್ಕೊಳ್ಳೋಕೇ ಡಾಕ್ಟರುಗಳು ಒದ್ದಾಡ್ತಾರೆ. ಡಾಕ್ಟರನ್ನ ಕೇಳ್ದೆ ಒಂದು ತುತ್ತೂ ಬಿಡೋದು ಬೇಡ."

ಚಿಕ್ಕಣ್ಣ ತಲೆಯಾಡಿಸಿ, ಫೋನ್ ತೆಗೆದು ಕಂಬದ ಹಿಂದೆ ಹೋದ.

"2024ರಲ್ಲಿ," ಮೇಷ್ಟ್ರು ಪುಟ್ಟಸ್ವಾಮಿ ಕಡೆ ತಿರುಗಿದರು, "960 ಹೆಣ್ಣಿಲಿ ಇಟ್ಕೊಂಡು ನೋಡಿದ್ರು. ಶೇ 40 ಕಮ್ಮಿ ತಿಂದವು ಸರಾಸರೀಲಿ ಎಲ್ಲಕ್ಕಿಂತ ಹೆಚ್ಚು ಬದುಕಿದ್ವು. ತಮಾಷೆ ಏನಂದ್ರೆ, ಕಮ್ಮಿ ತಿಂದೂ ತೂಕ ಉಳಿಸ್ಕೊಂಡವೇ ಅದರಲ್ಲಿ ಗಟ್ಟಿ."

"ತೂಕ ಉಳಿಸ್ಕೊಳ್ಳೋದ್ರಲ್ಲಿ ನಾನು ಇಪ್ಪತ್ತು ವರ್ಷದಿಂದ ಒಂದು ಗ್ರಾಮೂ ಬಿಟ್ಟಿಲ್ಲ," ಅಂದ ಪುಟ್ಟಸ್ವಾಮಿ. "ಕಮ್ಮಿ ತಿನ್ನೋ ಅರ್ಧ ಮಾತ್ರ ಬಾಕಿ."

ಅಷ್ಟರಲ್ಲಿ ಪಂಕ್ತಿ ಎದ್ದಿತು. ಕುರ್ಚಿಗಳು ಕಿರುಗುಟ್ಟಿದವು. ಆಮೇಲಿನ ಹತ್ತು ಸೆಕೆಂಡು ಯಾರು ಯಾರನ್ನು ನೂಕಿದರು ಅಂತ ಬರೆಯುವುದು ಬೇಡ, ಎಲ್ಲರೂ ಬೇಕಾದವರೇ. ಚಿಕ್ಕಣ್ಣನಿಗೂ ಒಂದು ಕುರ್ಚಿ ಹಿಡಿದಿಟ್ಟೆವು.

ಎಲೆ ಬಂತು, ಮುದ್ದೆ ತಟ್ಟೆ ಬಂತು. ಪುಟ್ಟಸ್ವಾಮಿ ಬಡಿಸುವ ಹುಡುಗನಿಗೆ ಮೇಷ್ಟ್ರನ್ನು ತೋರಿಸಿದ: "ಇವ್ರಿಗೆ ಶೇಕಡ ನಲವತ್ತು ಕಮ್ಮಿ ಇಕ್ಕಪ್ಪ."

ಹುಡುಗ ಮುದ್ದೆ ನೋಡಿದ, ಮೇಷ್ಟ್ರನ್ನು ನೋಡಿದ. "ಮುರ್ದು ಇಕ್ಲಾ ಸಾರ್?"

"ಮುರೀಬೇಡ ಮಗ," ಅಂದರು ಮೇಷ್ಟ್ರು, "ನಾನು ಕಂಟ್ರೋಲ್ ಗುಂಪು."