ಸಹಾಯ ಬೇಕು: ದೀಪ ಹಾಕಿದರೆ ಮಾಯವಾಗುವ ಹ್ಯಾಮ್‌ಸ್ಟರ್

ಮಗಳ ಹಟಕ್ಕೆ ಸೋತು ಮೂರು ವಾರದ ಹಿಂದೆ ಒಂದು ಸಿರಿಯನ್ ಹ್ಯಾಮ್‌ಸ್ಟರ್ (ಇಲಿಯಂಥ ಪುಟ್ಟ ಸಾಕುಪ್ರಾಣಿ) ತಂದೆವು. ಹೆಸರು ಕಡಲೆ. ಹಗಲಿಡೀ ಮರದ ಹೊಟ್ಟಿನೊಳಗೆ ಹುದುಗಿ ಮಲಗಿರುತ್ತದೆ. ಏಳುವುದು ರಾತ್ರಿ ಹತ್ತೂವರೆಗೆ. ಮಗಳೋ ಒಂಬತ್ತಕ್ಕೇ ಮಲಗುವವಳು.

ಮೊದಲ ವಾರ ಸಂಜೆ ಎಬ್ಬಿಸಿ ಕೈಗೆತ್ತಿಕೊಳ್ಳಲು ಹೋಗಿ ಬೆರಳು ಕಚ್ಚಿಸಿಕೊಂಡೆ. ತಪ್ಪು ನನ್ನದೇ, ನಿದ್ದೆಗೆಡಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆಮೇಲೆ ಎಬ್ಬಿಸುವುದನ್ನು ಬಿಟ್ಟು, ಅದು ತಾನಾಗಿ ಎದ್ದ ಮೇಲೆ ಅಂಗೈಯಲ್ಲಿ ಸೂರ್ಯಕಾಂತಿ ಬೀಜ ಹಿಡಿದು ಕೂರುತ್ತಿದ್ದೇನೆ. ಕತ್ತಲಿದ್ದರೆ ಬಂದು ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಓಡುತ್ತದೆ. ಟ್ಯೂಬ್‌ಲೈಟ್ ಹಾಕಿದೆನೋ, ಮತ್ತೆ ಅರ್ಧ ಗಂಟೆ ಹೊರಗೆ ಇಣುಕುವುದಿಲ್ಲ. ಕತ್ತಲಲ್ಲಿ ಅದು ಎಲ್ಲಿದೆಯೆಂದು ನನಗೇ ಕಾಣದು. ಎತ್ತಿಕೊಳ್ಳುವುದಂತೂ ದೂರದ ಮಾತು.

ಗೂಡು ಇರುವುದು ಹಾಲ್‌ನಲ್ಲಿ. ಅಲ್ಲಿ ಹತ್ತರವರೆಗೆ ದೀಪ, ಟಿವಿ ಎರಡೂ ಇರುತ್ತವೆ (ಅತ್ತೆಯವರ ಧಾರಾವಾಹಿ ನಿಲ್ಲಿಸುವ ಧೈರ್ಯ ನನಗಿಲ್ಲ). ಕೆಂಪು ಬೆಳಕು ಹ್ಯಾಮ್‌ಸ್ಟರ್ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ ಎಂದು ಓದಿದ್ದೇನೆ.

ಸಾಕಿ ಪಳಗಿಸಿದವರು ಹೇಳಿ: ಹಾಲ್‌ನಲ್ಲೇ ಇಟ್ಟು ರಾತ್ರಿ ಸಣ್ಣ ಕೆಂಪು ಬಲ್ಬ್ ಹಾಕಿದರೆ ಸಾಕೇ? ಅಥವಾ ಗೂಡನ್ನು ಬೇರೆ ಕೋಣೆಗೆ ಸಾಗಿಸಿ ದಿನವೂ ಏಳು ಗಂಟೆಗೇ ಕತ್ತಲು ಮಾಡಿದರೆ, ಮಗಳು ಮಲಗುವ ಮೊದಲೇ ಏಳುವ ಅಭ್ಯಾಸ ಅದಕ್ಕೆ ಆಗುತ್ತದೆಯೇ?